ಗುಂಡನ ಮೂರನೆಯ ತೂಕ

ಬಂಡೂರಿನ ಮರಿಸಿದ್ದಯ್ಯನ ಕೊಟ್ಟಿಗೆಗೆ ಬೀಜಗಣಿತ ಕಾಲಿಟ್ಟ ದಿನವನ್ನು ಯಾವ ಚರಿತ್ರೆಕಾರನೂ ಬರೆದಿಟ್ಟುಕೊಂಡಿಲ್ಲ. ದೊಡ್ಡ ಪ್ರಮಾದ. ಒಂದು ಟಗರುಮರಿಯ ಆಯುಸ್ಸು ಅಂದು ಸಮೀಕರಣವೊಂದರ ಕೈಗೆ ಸಿಕ್ಕಿಬಿದ್ದಿತ್ತು.

ಮರಿಯ ಹೆಸರು ಗುಂಡ. ತಾಯಿ ಹಾಲು ಕೊಡದೆ ಒದ್ದಾಗ ಬಾಟಲಿಯಲ್ಲಿ ಕುಡಿಸಿ ಉಳಿಸಿಕೊಂಡವಳು ಮೊಮ್ಮಗಳು ಶೋಭಿತಾ. ಮಳವಳ್ಳಿಯ ಕಾಲೇಜಿನಲ್ಲಿ ಮೊದಲ ಪಿಯುಸಿ ಓದುತ್ತಿದ್ದಳು. ಆದರೆ ಅಷ್ಟರಲ್ಲಾಗಲೇ ಮರಿಸಿದ್ದಯ್ಯ ಕುರಿ ವ್ಯಾಪಾರಿ ಅಂಕಯ್ಯನಿಗೆ, "ಇಪ್ಪತ್ತು ಕೇಜಿ ಆದ ದಿನ ನಿಂದು, ಓಗ್ಲಾ" ಎಂದು ಮಾತು ಕೊಟ್ಟುಬಿಟ್ಟಿದ್ದ. ಅವನು ಮಾತು ತಪ್ಪಿದ್ದನ್ನು ಊರು ಕಂಡಿರಲಿಲ್ಲ. ತಪ್ಪುವ ಆಸೆಯಾದದ್ದನ್ನೂ ಕಂಡಿರಲಿಲ್ಲ.

ಕಾಲೇಜಿನಲ್ಲಿ ಎರಡು ಬಿಂದುಗಳ ಮೂಲಕ ಹಾಯುವ ಸರಳರೇಖೆಯ ಸಮೀಕರಣ ಕಲಿಸಿದ ಸಂಜೆ, ಶೋಭಿತಾ ಬಸ್ಸಿಳಿದವಳೇ ಜಗಲಿಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯತೊಡಗಿದಳು.

"ಏನವ್ವ ಅದು, ರಂಗೋಲಿನಾ?"

"ಗುಂಡನ್ ತೂಕ, ತಾತ. ಒಂದ್ ತಿಂಗ್ಳಿಗೆ ಐದ್ ಕೇಜಿ ಇದ್ದ, ಮೂರ್ ತಿಂಗ್ಳಿಗೆ ಅನ್ನೊಂದು. ಎಲ್ಡ್ ತಿಂಗ್ಳಲ್ಲಿ ಆರು, ಅಂದ್ರೆ ತಿಂಗ್ಳಿಗೆ ಮೂರು. ಮೊದುಲ್ನೇ ಐದ್ರಲ್ಲಿ ಆ ಮೂರ್ ಕಳುದ್ರೆ ಎಲ್ಡು. ಅದು ಉಟ್ದಾಗಿನ ತೂಕ." ಗೆರೆಯ ಪಕ್ಕದಲ್ಲಿ y = 3x + 2 ಎಂದು ಬರೆದಳು.

"ಉಟ್ದಾಗ ಯಾರ್ ತೂಗಿದ್ರು ಅದ್ನ?"

ಒಳಗಿನಿಂದ ಅಜ್ಜಿ ಚಿಕ್ಕಬೋರಮ್ಮ ಕೂಗಿದಳು: "ನಾನ್ ಎತ್ಕಂಡಿರ್ನಿಲ್ವಾ? ಎಲ್ಡ್ ಕೇಜಿ ಸಕ್ರೆ ಇಡ್ಕಂಡಂಗಿತ್ತು ಕಣವ್ವ."

ಸಮೀಕರಣಕ್ಕೆ ಇನ್ನು ಬೇರೆ ಸಾಕ್ಷಿ ಬೇಕಿರಲಿಲ್ಲ.

"ಇಪ್ಪತ್ ಯಾವಾಗ?" ಎಂದ ಮರಿಸಿದ್ದಯ್ಯ, ಮರಿಯ ಕಡೆ ನೋಡುತ್ತ.

"ಆರ್ ತಿಂಗ್ಳಿಗೆ." ಶೋಭಿತಾಳ ಸ್ವರ ಸಣ್ಣಗಾಯಿತು. "ಇಂಗೇ ಬೆಳುದ್ರೆ."

"ವಸಿ ಸೊಟ್ಟುಕ್ ಎಳಿ ಮತ್ತೆ ಆ ಗೆರೆಯ."

"ಸರಳರೇಖೆ ತಾತ. ಸೊಟ್ಟ ಆಗಕ್ಕಿಲ್ಲ."

ಜಗಲಿಯ ಲೆಕ್ಕ ಊರಿಗೆಲ್ಲ ಹಬ್ಬಿತ್ತು. ಆರು ತಿಂಗಳು ತುಂಬಿದ ದಿನ ಅಂಕಯ್ಯ ಹಗ್ಗ ಹಿಡಿದೇ ಬಂದ. ಗುಂಡನನ್ನು ಗೋಣಿಚೀಲದಲ್ಲಿ ಕೂರಿಸಿ ತೊಲೆಗೆ ಕಟ್ಟಿದ್ದ ಮುಳ್ಳಿನ ತಕ್ಕಡಿಗೆ ತೂಗುಹಾಕಿದರು. ಒದ್ದಾಡುತ್ತದೆಂದು ಮರಿಸಿದ್ದಯ್ಯ ಚೀಲಕ್ಕೆ ಒತ್ತಿಕೊಂಡೇ ನಿಂತ. ಮುಳ್ಳು ಹದಿನೇಳಕ್ಕೆ ನಿಂತಿತು.

"ಅದ್ನೇಳಾ? ಕೈಲೆತ್ತುದ್ರೆ ಇಪ್ಪತ್ ಅಂತದಲ್ಲ ಸಿದ್ದಣ್ಣ!"

"ಮುಳ್ ನೋಡ್ಲಾ. ನಿನ್ ಕೈ ಮ್ಯಾಲೇನ್ ನಂಬ್ರು ಬರ್ದದಾ?"

ಅಂಕಯ್ಯ ಶೋಭಿತಾಳ ಕಡೆ ತಿರುಗಿದ. "ಓದ್ದೋಳು ನೀನೇಳವ್ವ. ನಿನ್ ಲೆಕ್ಕುದಲ್ಲಿ ಎಷ್ಟಾಗ್ಬೇಕಿತ್ತು?"

ಶೋಭಿತಾ ಮುಳ್ಳನ್ನು ನೋಡಿದಳು. ಆಮೇಲೆ ಕೆಳಗೆ ನೋಡಿದಳು. ಗೋಣಿಚೀಲದ ಅಡಿಯಲ್ಲಿ, ಪಂಚೆಯ ಮರೆಯಲ್ಲಿ, ತಾತನ ಮೊಣಕಾಲು ಮೂರು ಕೇಜಿ ಹೊತ್ತುಕೊಂಡು ಸಣ್ಣಗೆ ನಡುಗುತ್ತಿತ್ತು. ಇದೇ ಲೆಕ್ಕಕ್ಕೆ ಕಾಲೇಜಿನಲ್ಲಿ ಅವಳಿಗೆ ಪೂರ್ತಿ ಅಂಕ ಬಂದಿತ್ತು.

"ನನ್ ಲೆಕ್ಕ ತಪ್ಪೋಗ್ಯದೆ ಮಾವ" ಎಂದಳು.

ಅಂಕಯ್ಯ ಮೊಣಕಾಲನ್ನು ಕಂಡನೋ ಇಲ್ಲವೋ, ಹಗ್ಗ ಸುತ್ತಿಕೊಂಡು ಹೋದ. ಮರಿಸಿದ್ದಯ್ಯ ಜಗಲಿಯ ಮೇಲೆ ಕುಸಿದು ಕುಳಿತು, "ಇನ್ನೊಸಿ ಚೆಂದಾಗ್ ಓದವ್ವ" ಎಂದ. ಅವನ ಕಣ್ಣು ಮಾತ್ರ ಮೊಮ್ಮಗಳನ್ನು ನೋಡಲಿಲ್ಲ. ಚಿಕ್ಕಬೋರಮ್ಮ ಬಿಸಿ ಎಣ್ಣೆ ತಂದು ಮಂಡಿಗೆ ತಿಕ್ಕಿದಳು.

"ಮುಂದ್ಲ ಸತಿ ಎಡ್ಗಾಲ್ ಕೊಡಿ."

ಗುಂಡನಿಗೆ ಈಗ ಎರಡು ವರ್ಷ. ತೂಕ ಹದಿನೇಳು ಕೇಜಿ.