ಲೀಲಾಧರನ ಬಲಗಿವಿ

ಗಂಗೊಳ್ಳಿ ಬಂದರಿನಲ್ಲಿ ಬೋಟಿನ ಎಂಜಿನ್ ಕೆಟ್ಟರೆ ಮೊದಲು ಕರೆಯುವುದು ಲೀಲಾಧರನನ್ನು. ಅವನು ಓದಿದ್ದು ಏಳನೇ ಕ್ಲಾಸು. ಉಳಿದದ್ದನ್ನೆಲ್ಲ ಬಲಗಿವಿ ಕಲಿಸಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚುತ್ತಾನೆ. ಅರ್ಧ ನಿಮಿಷದಲ್ಲಿ ಇಂಥ ಕಡೆ ಇಂಥದ್ದು ಕೆಟ್ಟಿದೆ ಎನ್ನುತ್ತಾನೆ. ಮೂವತ್ತು ವರ್ಷಗಳಲ್ಲಿ ಆ ಮಾತು ಸುಳ್ಳಾದದ್ದಿಲ್ಲ. ಸ್ವಲ್ಪ ಜಂಬವೂ ಬಂದಿತ್ತು. ಬಾರದೆ ಇರುತ್ತದೆಯೇ?

ಈ ಸಲದ ಜೂನ್‌ನಲ್ಲಿ, ಬೋಟುಗಳೆಲ್ಲ ಮಳೆಗಾಲದ ರಜೆಯಲ್ಲಿದ್ದಾಗ, ಅದೇ ಕಿವಿಯಲ್ಲಿ ಡುಬ್ ಡುಬ್ ಎಂಬ ಸದ್ದು ಶುರುವಾಯಿತು. ಊಟಕ್ಕೆ ಕುಳಿತರೂ ಅದೇ, ಪೇಪರ್ ಬಿಡಿಸಿದರೂ ಅದೇ. ಹೆಂಡತಿ ಜಲಜ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟಳು. ಎಣ್ಣೆ ಖಾಲಿಯಾಯಿತು, ಸದ್ದು ಉಳಿಯಿತು. ಡಾಕ್ಟರಿಗೆ ತೋರಿಸಿ ಎಂದು ಅವಳು ಗಂಟುಬಿದ್ದಳು. ಲೀಲಾಧರನ ಕಿವಿಗೆ ಡಾಕ್ಟರು ಬೇಕಾದರಂತೆ ಎಂಬ ಸುದ್ದಿ ಬಂದರಿಗೆ ಮುಟ್ಟಿದರೆ ತನ್ನ ಕತೆ ಮುಗಿಯಿತು ಎಂಬ ಹೆದರಿಕೆಯಲ್ಲಿ ಅವನು ಹೋಗಲಿಲ್ಲ.

ಜುಲೈ ನಡುವಿನಲ್ಲಿ ಬೋಟಿನ ಮಾಲೀಕ ಗುಡ್ಡ ತನ್ನ ಎಂಜಿನ್ ನೋಡಲು ಕರೆದ. ಲೀಲಾಧರ ಹಿಡಿಗೆ ಕಿವಿ ಕೊಟ್ಟ. ಎಂಜಿನ್ನಿನ ಓಟದ ಹಿಂದೆ ಒಂದು ಗುದ್ದು ಕೇಳಿಸಿತು. ಬೇರಿಂಗ್ ಹೋಗಿದೆ, ಬಿಚ್ಚಿ ಎಂದ. ಎರಡು ದಿನ ಹಿಡಿದು ಬಿಚ್ಚಿ ಹರಡಿದರು. ಬೇರಿಂಗ್ ಹೊಸದರಂತೆ ಹೊಳೆಯುತ್ತಿತ್ತು. ಲೀಲಾಧರ ಬೆವರಿದ. ಗುಡ್ಡ ಮಾತ್ರ ಎರಡನೇ ಮಾತಾಡದೆ ಬೇರೆ ಬೇರಿಂಗ್ ಹಾಕಿಸಿದ. ಲೀಲಾಧರಣ್ಣ ಹೇಳಿದ ಮೇಲೆ ಏನೋ ಇದ್ದಿರಲೇಬೇಕು, ನಮ್ಮ ಕಣ್ಣಿಗೆ ಕಾಣಲಿಲ್ಲ ಅಷ್ಟೆ ಎಂದು ಬಂದರಿಡೀ ಹೇಳಿಕೊಂಡು ತಿರುಗಿದ. ಹೆಸರು ಇನ್ನೂ ಮೇಲೇರಿತು. ನಾಚಿಕೆಯಾದರೂ ಲೀಲಾಧರ ಬಾಯಿ ಬಿಡಲಿಲ್ಲ.

ಮರುದಿನ ಯಾರಿಗೂ ಹೇಳದೆ ಜಲಜಳೊಂದಿಗೆ ಕುಂದಾಪುರದ ಡಾಕ್ಟರ ಹತ್ತಿರ ಹೋದ. ಡಾಕ್ಟರು ಅವನ ನಾಡಿ ಹಿಡಿದುಕೊಂಡು, ಸದ್ದು ಕೇಳಿದಾಗಲೆಲ್ಲ ಬೆರಳಿನಿಂದ ಮೇಜು ತಟ್ಟಲು ಹೇಳಿದರು. ನಾಡಿಯೂ ತಟ್ಟುವುದೂ ಒಟ್ಟೊಟ್ಟಿಗೆ ಬಿದ್ದವು. ಕಿವಿಯ ಹತ್ತಿರದ ರಕ್ತನಾಳದ ಸದ್ದು ಇರಬೇಕು, ಸ್ಕ್ಯಾನ್ ಮಾಡಿಸಿ ನೋಡೋಣ, ಕಿವಿ ಮುಚ್ಚಿಕೊಂಡರೆ ಇದು ಇನ್ನೂ ಜೋರಾಗಿ ಕೇಳುತ್ತದೆ ಎಂದರು. ಲೀಲಾಧರನಿಗೆ ಅಷ್ಟು ಸಾಕಾಯಿತು. ಸ್ಕ್ರೂಡ್ರೈವರಿನ ಹಿಡಿ ಕಿವಿ ಮುಚ್ಚುತ್ತಿತ್ತು. ಗುಡ್ಡನ ಬೋಟಿನಲ್ಲಿ ಅವನು ಕೇಳಿದ್ದು ತನ್ನದೇ ರಕ್ತವನ್ನು.

ನಾಳೆ ಮೀನುಗಾರಿಕೆ ಶುರು ಎನ್ನುವ ದಿನ ಅಕ್ಕನ ಮಗ ಅನೂಪ ತನ್ನ ಬೋಟಿಗೆ ಕರೆದ. ಎಂಟು ಜನ ಹತ್ತು ದಿನ ಕಡಲಲ್ಲಿರುವ ಬೋಟು. ಮಾವ ತಲೆಯಾಡಿಸದೆ ಅನೂಪ ಎಂದೂ ಹಗ್ಗ ಬಿಚ್ಚಿಸಿದವನಲ್ಲ. ಲೀಲಾಧರ ಹಿಡಿಯನ್ನು ಕಿವಿಗೆ ಒತ್ತಿದ. ಡುಬ್ ಡುಬ್. ಎಂಜಿನ್ ಬಂದ್ ಮಾಡಲು ಹೇಳಿದ. ಎಂಜಿನ್ ನಿಂತಿತು, ಸದ್ದು ನಿಲ್ಲಲಿಲ್ಲ. ಎಂಜಿನ್ನಿನಲ್ಲಿ ನಿಜವಾಗಿಯೂ ಏನಾದರೂ ಇದ್ದರೆ ಇದರ ಅಡಿಯಿಂದ ಅದನ್ನು ಹೆಕ್ಕುವುದು ಹೇಗೆ? ಎಡಗಿವಿಗೆ ಎಂಜಿನ್ನಿನ ಮಾತು ಎಂದೂ ತಿಳಿದದ್ದಿಲ್ಲ. ಎಂಟೂ ಜನ ಅವನ ಮುಖವನ್ನೇ ನೋಡುತ್ತಿದ್ದರು. ಸರಿ ಇದೆ ಎಂದುಬಿಟ್ಟರೆ ಅವನ ಮಾನ ಉಳಿಯುತ್ತಿತ್ತು.

ಅವನು ಅನೂಪನನ್ನು ಪಕ್ಕಕ್ಕೆ ಕರೆದ.

“ನಂಗ್ ಗೊತ್ತಾತಿಲ್ಲೆ ಅನೂಪ. ಕೆಮಿ ಹಾಳಾಯ್ತ್. ಈಗ ನನ್ ನೆತ್ರದ್ ಸದ್ದೇ ನಂಗ್ ಕೇಣತ್ತ್.”

ಅನೂಪ ಗುಡ್ಡನ ಬೋಟು ನಿಂತ ಕಡೆ ನೋಡಿದ. “ಹಂಗಾರೆ ಗುಡ್ಡಣ್ಣನ್ ಎಂಜಿನ್, ಮಾವ?”

“ಅದ್ರಗೆ ಎಂತದೂ ಇರ್ಲಿಲ್ಲೆ.”

ಅನೂಪ ಬೈಯಲಿಲ್ಲ. ಮಾವನನ್ನು ನೆರಳಿನಲ್ಲಿ ಕೂರಿಸಿದ, ಚಾ ತರಿಸಿಕೊಟ್ಟ, ಡಾಕ್ಟರು ಹೇಳಿದ ಸ್ಕ್ಯಾನ್ ಇನ್ನೂ ಬಾಕಿಯಿದೆ ಎಂದು ಕೇಳಿ ತಾನೇ ಕರೆದುಕೊಂಡು ಹೋಗುವುದಾಗಿ ಹೇಳಿದ. ಆಮೇಲೆ ಹತ್ತು ಹೆಜ್ಜೆ ಆಚೆ ಹೋಗಿ, ಮಲ್ಪೆಯ ಮೆಕ್ಯಾನಿಕ್ಕಿಗೆ ಫೋನ್ ಮಾಡಿ, ಈಗಲೇ ಹೊರಟು ಬನ್ನಿ ಎಂದ. ಮಾವನಿಗೆ ಬೇಸರವಾಗಬಾರದೆಂದು ದನಿ ತಗ್ಗಿಸಿಯೇ ಹೇಳಿದ. ತಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ ಎಂದುಕೊಂಡ ಲೀಲಾಧರ. ಆದರೂ ದುಃಖವಾಯಿತು. ಅವನ ಎಡಗಿವಿ ಚೆನ್ನಾಗಿಯೇ ಇತ್ತು. ಒಂದು ಮಾತೂ ತಪ್ಪದೆ ಕೇಳಿಸಿತ್ತು.