ತೊಳೆಯದ ಪಾದ

ಅಮೆರಿಕದ ಕೆಂಟಕಿಯ ಬೆಟ್ಟಗಳ ಸಂದಿಯಲ್ಲಿ, ಹಳ್ಳದ ದಂಡೆಯ ಆ ಪುಟ್ಟ ಚರ್ಚಿನಲ್ಲಿ ಪಾದ ತೊಳೆಯುವ ಸೇವೆ ವರ್ಷಕ್ಕೊಂದೇ ಸಲ, ಜೂನ್ ತಿಂಗಳ ಮೂರನೆಯ ಭಾನುವಾರ. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ಕೋಟು ಕಳಚಿಟ್ಟು, ಉದ್ದನೆಯ ಬಿಳಿ ಟವಲಿನ ಲಾಡಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ಒಬ್ಬರ ಮುಂದೊಬ್ಬರು ಮಂಡಿಯೂರಿ ಪಾದ ತೊಳೆದು ಒರೆಸಬೇಕು. ಪ್ರಭುವೇ ತನ್ನ ಶಿಷ್ಯರಿಗೆ ಹಾಗೆ ಮಾಡಿದನಲ್ಲ, ಅದಕ್ಕಿಂತ ದೊಡ್ಡ ಕಾರಣ ಅಲ್ಲಿ ಯಾರಿಗೂ ಬೇಕಿಲ್ಲ. ಕಾಲು ಕೊಡಲು ಒಪ್ಪದವನು ತೊಳೆಯಲು ಬಂದ ಸಹೋದರನ ಜೊತೆ ಮುನಿಸಿದೆ ಎಂದು ಸಾರಿದಂತೆ. ಮುನಿಸು ತೀರದಿದ್ದರೆ ಸಭೆ ಚರ್ಚಿನ ಪಟ್ಟಿಯಿಂದ ಅವನ ಹೆಸರನ್ನೇ ತೆಗೆದುಹಾಕುತ್ತದೆ.

ಎಪ್ಪತ್ತೊಂಬತ್ತು ವಯಸ್ಸಿನ ಎಲ್ಜಿ ಸ್ಟೇಸಿಯ ಪಾದವನ್ನು ಮೂವತ್ತೊಂದು ವರ್ಷದಿಂದ ತೊಳೆಯುತ್ತ ಬಂದವನು ಹೋಬರ್ಟ್ ಫ್ಯೂಗೇಟ್. ಇಬ್ಬರೂ ಒಂದೇ ಗಣಿಯಲ್ಲಿ, ಒಂದೇ ಪಾಳಿಯಲ್ಲಿ ಕಲ್ಲಿದ್ದಲು ಅಗೆದವರು. ಎಲ್ಜಿಯ ಉಗುರಿನ ಸಂದಿಯ ಕಪ್ಪು ನೋಡಿ, ಇದನ್ನು ತೊಳೆಯಲು ದೇವರೇ ಇಳಿದು ಬರಬೇಕೆಂದು ಹೋಬರ್ಟ್ ಪ್ರತಿವರ್ಷವೂ ಹಂಗಿಸುತ್ತಿದ್ದ. ಎಲ್ಜಿಯ ಹೆಂಡತಿ ತೀರಿಕೊಂಡ ವರ್ಷ ಮಾತ್ರ ಹಂಗಿಸಲಿಲ್ಲ. ಅಂದು ಒರೆಸುವುದಕ್ಕೆ ಬಹಳ ಹೊತ್ತು ತೆಗೆದುಕೊಂಡಿದ್ದ.

ಈ ವರ್ಷ ಹೋಬರ್ಟನ ಸೊಂಟಕ್ಕೆ ಪಿಸ್ತೂಲು ಬಂದಿತ್ತು. ಚಳಿಗಾಲದಲ್ಲಿ ಪಕ್ಕದ ಕೌಂಟಿಯ ಚರ್ಚೊಂದಕ್ಕೆ ಯಾವನೋ ನುಗ್ಗಿ, ಪ್ರಾರ್ಥನೆಯ ನಡುವೆ ಗುಂಡು ಹಾರಿಸಿ ಇಬ್ಬರನ್ನು ಕೊಂದಿದ್ದ. ಹೋಬರ್ಟನ ತಂಗಿ ಬೆಂಚಿನಡಿ ಮುದುಡಿ ಬದುಕಿದಳು. ಆಮೇಲೆ ಇಲ್ಲಿನ ಸಭೆ ಸೇರಿ, ಮೂವರು ಗಂಡಸರು ಪಿಸ್ತೂಲು ಕಟ್ಟಿಕೊಂಡು ಬರಲಿ ಎಂದು ತೀರ್ಮಾನಿಸಿತು. ಬೇಡವೆಂದು ಎದ್ದ ಕೈ ಎಲ್ಜಿಯದೊಂದೇ. ಅವನಿಗೆ ಬಂದೂಕಿನ ಭಯವೇನೂ ಇರಲಿಲ್ಲ. ಮನೆಯ ಗೋಡೆಯ ಮೇಲೆ ನಾಲ್ಕಿದ್ದವು. ಪ್ರತಿ ನವೆಂಬರಿಗೂ ಜಿಂಕೆ ಹೊಡೆದು, ಅದರ ಮಾಂಸದಲ್ಲಿ ಪಾದ್ರಿಗೂ ಒಂದು ಪಾಲು ಕಳಿಸುವವನು. ಆದರೆ ಎಲ್ಲವನ್ನೂ ಹೊರಗಿಟ್ಟು ಒಳಗೆ ಬರುವ ಜಾಗ ಲೋಕದಲ್ಲಿ ಒಂದಾದರೂ ಉಳಿಯಲಿ ಎನ್ನುವುದು ಅವನ ಹಟ.

ಆ ಭಾನುವಾರ ಹೋಬರ್ಟ್ ಕೋಟು ಕಳಚಿದ. ಟವಲಿನ ಲಾಡಿ ಪಿಸ್ತೂಲಿನ ಚೀಲದ ಮೇಲೆ ನಿಲ್ಲದೆ ಎರಡು ಸಲ ಜಾರಿತು. ಮೂರನೆಯ ಸಲ ಅದನ್ನು ಹಿಡಿಕೆಗೇ ಸುತ್ತಿ ಗಂಟು ಹಾಕಿದ. ಬೋಗುಣಿ ತಂದಿಟ್ಟು ಮಂಡಿಯೂರಿದ. ಆಗಲೇ ಬರಿಗಾಲಾಗಿದ್ದ ಎಲ್ಜಿ ಪಾದಗಳನ್ನು ಬೆಂಚಿನಡಿ ಎಳೆದುಕೊಂಡ.

"ಅದನ್ನ ಬಿಚ್ಚಿಟ್ಟು ಬಾ, ಹೋಬರ್ಟ್."

"ನಿನ್ನ ಜೀವ ಕಾಯೋಕೇ ಕಣೋ ಇದನ್ನ ಕಟ್ಕೊಂಡಿರೋದು."

"ನಾನು ಕೇಳಿದ್ನಾ?"

"ನನ್ ತಂಗೀನೂ ಕೇಳಿರ್ಲಿಲ್ಲ. ಅವಳನ್ನ ಕಾಯೋಕೆ ಅಲ್ಲಿ ಒಬ್ಬನೂ ಇರ್ಲಿಲ್ಲ."

ಆ ಮಾತು ನಿಜವೆಂದು ಎಲ್ಜಿಗೂ ಗೊತ್ತಿತ್ತು. ಆದರೂ ಕಾಲು ಮುಂದೆ ಬರಲಿಲ್ಲ. ಪಾದ್ರಿ ಹತ್ತಿರ ಬಂದು ಎಲ್ಜಿಯ ಭುಜದ ಮೇಲೆ ಕೈಯಿಟ್ಟ. ಇದು ಸಭೆಯ ತೀರ್ಮಾನ, ಸಹೋದರನನ್ನು ಹೀಗೆ ಮಂಡಿಯ ಮೇಲೆ ಕಾಯಿಸಬಾರದು, ಹಟ ಬಿಡದಿದ್ದರೆ ಮುಂದಿನ ಶನಿವಾರದ ಸಭೆಯಲ್ಲಿ ನಿನ್ನ ಹೆಸರಿನ ಮಾತು ಎತ್ತಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿದ. ಎತ್ತಿ, ಎಂದ ಎಲ್ಜಿ, ಅಷ್ಟೇ ಮೆಲ್ಲಗೆ.

ಆಮೇಲೆ ಅವನು ಎದ್ದ. ಹೆಂಡತಿ ಹೊಲಿದಿಟ್ಟ ಹಳೆಯ ಟವಲನ್ನು ಸೊಂಟಕ್ಕೆ ಕಟ್ಟಿಕೊಂಡು, ಹೋಬರ್ಟನನ್ನು ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿ, ನೋಯುವ ಮಂಡಿಗಳನ್ನು ನೆಲದ ಹಲಗೆಗೆ ಊರಿದ. ಹೋಬರ್ಟನ ಬೂಟು ತಾನೇ ಬಿಚ್ಚಿದ. ಪಿಸ್ತೂಲು ಎಲ್ಜಿಯ ಕಣ್ಣಿನ ಮಟ್ಟಕ್ಕೇ ಇತ್ತು. ಅದರತ್ತ ನೋಡದೆ ಒಂದೊಂದೇ ಬೆರಳನ್ನು ತೊಳೆದು ಒರೆಸಿದ.

"ನಿನ್ ಕಾಲು ನಾನು ತೊಳೀತೀನಿ. ನೀನು ಏನೇ ಕಟ್ಕೊಂಡು ಬಾ, ಉಸಿರಿರೋ ತನಕ ತೊಳೀತೀನಿ. ನನ್ ಕಾಲು ಮಾತ್ರ ಹೀಗೇ ಇರ್ಲಿ."

ಹಾಗೆಂದು ಬರಿಗಾಲಲ್ಲೇ ನಡೆದು, ಬಾಗಿಲು ದಾಟಿ, ಹೊರಗಿನ ಮೆಟ್ಟಿಲ ಮೇಲೆ ಕೂತ. ಬಿಸಿಲು ನೆತ್ತಿಗೆ ಬಂದಿತ್ತು. ಗುಡ್ಡದಿಂದ ಇಳಿಯುವ ಮಣ್ಣುದಾರಿ ಅಲ್ಲಿಂದ ಪೂರ್ತಿ ಕಾಣುತ್ತಿತ್ತು. ಯಾವನಾದರೂ ಬರುವುದಾದರೆ ಅದೇ ದಾರಿಯಲ್ಲಿ ಬರಬೇಕು, ಮೊದಲು ಈ ಮೆಟ್ಟಿಲು ಹತ್ತಬೇಕು. ಎಲ್ಜಿ ಎರಡೂ ಕೈಗಳನ್ನು ಮಂಡಿಯ ಮೇಲೆ ಬಿಡಿಸಿಟ್ಟು ದಾರಿ ನೋಡುತ್ತ ಕೂತ. ಒಳಗೆ ಪಾದ್ರಿ ಹಾಡಿನ ಒಂದು ಸಾಲು ಎತ್ತಿಕೊಟ್ಟ. ಸಭೆ ಅದನ್ನೇ ಎಳೆದೆಳೆದು ಹಾಡಿತು. ಎಲ್ಜಿಯೂ ಹೊರಗಿನಿಂದಲೇ ದನಿಗೂಡಿಸಿದ.

ಹಾಡು ಮುಗಿಯುವ ಮೊದಲೇ ಹೋಬರ್ಟ್ ಬೋಗುಣಿ ಹಿಡಿದು ಹೊರಗೆ ಬಂದ. ಪಿಸ್ತೂಲು ಸೊಂಟದಲ್ಲೇ ಇತ್ತು. ಬೋಗುಣಿಯನ್ನು ಕೆಳಗಿನ ಮೆಟ್ಟಿಲ ಮೇಲಿಟ್ಟ. ಎಲ್ಜಿ ಪಾದಗಳನ್ನು ಹಿಂದಕ್ಕೆಳೆದುಕೊಂಡ.

"ಇಲ್ಲಿ ಕೂತು ಏನ್ ಮಾಡ್ತಿದೀಯ, ಹಟಮಾರಿ ಹೇಸರಗತ್ತೆ?"

"ಬಾಗಿಲು ಕಾಯ್ತಿದೀನಿ."

"ಬರಿಗೈಲಾ?"

"ಬರಿಗೈಲಿ. ಮುಂದಿನ ಭಾನುವಾರಾನೂ. ಹೆಸರು ತೆಗೆದ್ರೂ ಮೆಟ್ಟಿಲು ತೆಗೆಯೋಕಾಗಲ್ವಲ್ಲ."

ಹೋಬರ್ಟ್ ಪಕ್ಕದಲ್ಲೇ ಕುಕ್ಕರಿಸಿದ. ತೊಳೆದ ಎರಡು ಪಾದ, ತೊಳೆಯದ ಎರಡು ಪಾದ, ನಡುವೆ ಬೋಗುಣಿಯ ನೀರು. ಇಬ್ಬರೂ ದಾರಿಯ ಕಡೆಗೇ ಮುಖ ಮಾಡಿ ಕೂತರು. ನೀರು ಬಿಸಿಲಿಗೆ ಬೆಚ್ಚಗಾಗುತ್ತಿತ್ತು. ಹೋಬರ್ಟ್ ಅದನ್ನು ಚೆಲ್ಲಲಿಲ್ಲ. ಎಲ್ಜಿ ಅದರಲ್ಲಿ ಕಾಲಿಡಲಿಲ್ಲ.