ಬಚ್ಚಲುಗಲ್ಲಿನ ತುಕ್ಕು

ನಮ್ಮ ಊರಿನ ಪ್ರತಿ ಮನೆಯ ಬಚ್ಚಲುಗಲ್ಲಿನ ಮೇಲೂ ತುಕ್ಕಿನ ಕಲೆಯಿತ್ತು. ಮದುವೆಯಾದ ಹೆಂಗಸರು ನಿಂತು ಮೀಯುವ ಜಾಗದಲ್ಲಿ, ಕಾಲ್ಬೆರಳುಗಳ ಅಳತೆಗೆ ಸರಿಯಾಗಿ, ಅದು ಕೆಂಪಗೆ ಕೂತಿರುತ್ತಿತ್ತು. ಬೂದಿ ಹಾಕಿ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ.

ನಮ್ಮದು ಹೊಳೆದಂಡೆಯ ಕುಲ. ಬುದ್ಧಿ ಬರುವ ಹೊತ್ತಿಗೆ ನಮ್ಮ ಮಕ್ಕಳು ನೀರಿಗಿಳಿದರೆ ನೀರುನಾಯಿಗಳಾಗುತ್ತಿದ್ದರು. ದಂಡೆಗೆ ಬಂದರೆ ಮತ್ತೆ ಮನುಷ್ಯರು. ಗಂಡು ಹೆಣ್ಣೆಂಬ ಭೇದವನ್ನು ಹೊಳೆ ಮಾಡಿರಲಿಲ್ಲ, ನಮ್ಮ ಹಿರಿಯರು ಮಾಡಿದ್ದರು. ಧಾರೆಯ ದಿನ ಗಂಡ ಹೆಂಡತಿಗೆ ಕಬ್ಬಿಣದ ಕಾಲುಂಗುರ ತೊಡಿಸುತ್ತಿದ್ದ. ಕಬ್ಬಿಣ ಮೈಮೇಲಿದ್ದರೆ ರೂಪ ಬದಲಾಗದು. ತೊಡಿಸಿದವನ ಕೈಗಲ್ಲದೆ ಬೇರೆ ಯಾರ ಕೈಗೂ ಅದು ಸಡಿಲವಾಗದು. ಗಂಡಸರು ಮಾತ್ರ ಮುದುಕರಾಗುವವರೆಗೂ ಹೊಳೆಯಲ್ಲಿ ಮನಸಾರೆ ಈಜಿ, ಮೀಸೆ ಒರೆಸಿಕೊಳ್ಳುತ್ತ ಊಟಕ್ಕೆ ಬರುತ್ತಿದ್ದರು. ಇಷ್ಟು ಅನುಕೂಲದ ಏರ್ಪಾಡಿಗೆ ಅವರು ಇಟ್ಟ ಹೆಸರು ಮರ್ಯಾದೆ.

ನನ್ನ ಗಂಡ ಅಂಬಣ್ಣ ಹಾಗಲ್ಲ ಎಂದು ನಂಬಿದ್ದೆ. ಮದುವೆಗೆ ಮುಂಚೆ ನಾವಿಬ್ಬರೂ ಮಡುವಿನ ಆಳದಲ್ಲಿ ಒಬ್ಬರ ಬಾಲ ಒಬ್ಬರು ಹಿಡಿಯಲು ಹೋಗಿ ಸುಸ್ತಾಗಿ ಬಂಡೆಯ ಮೇಲೆ ಬಿದ್ದುಕೊಳ್ಳುತ್ತಿದ್ದೆವು. ಯಾವಾಗಲೂ ಗೆಲ್ಲುತ್ತಿದ್ದವಳು ನಾನೇ.

"ನೀನು ಮುಳುಗಿದ್ರೆ ಹೊಳೇನೇ ಪಕ್ಕಕ್ಕೆ ಸರಿದು ದಾರಿ ಬಿಡ್ತದೆ ಕಣೇ," ಎಂದು ಅವನು ನಗುತ್ತಿದ್ದ. "ನಿಂಗೆ ಕಬ್ಬಿಣ ಹಾಕೋಕೆ ನನ್ನ ಕೈ ಬರಾಕಿಲ್ಲ. ಬೆಳ್ಳೀದು ಮಾಡಿಸಿ ದೀಪದ ಮಸಿ ಬಳಿದ್ರೆ ಯಾರಿಗೆ ಗೊತ್ತಾಗ್ತದೆ?"

ಹಾಗೆಯೇ ಮಾಡಿದ. ಹಿರಿಯರು ಕೊಟ್ಟ ಕಬ್ಬಿಣದ ಕಾಲುಂಗುರದ ಜೋಡಿಯನ್ನು ಮಡುವಿಗೆ ಎಸೆದೆನೆಂದು ಕಿವಿಯಲ್ಲಿ ಹೇಳಿದಾಗ ನನಗೆ ಕಣ್ಣು ತುಂಬಿ ಬಂತು. ಊರು ಏಳುವ ಮುಂಚೆ ಇಬ್ಬರೂ ಹೊಳೆಗೆ ಹೋಗಿ ಬರುತ್ತಿದ್ದೆವು. ಅಷ್ಟು ಸುಖವಾಗಿ ನಾನು ಮುಂದೆ ಎಂದೂ ಇರಲಿಲ್ಲ.

ಆದರೆ ಬೆಳ್ಳಿ ತುಕ್ಕು ಹಿಡಿಯುವುದಿಲ್ಲ. ಬಚ್ಚಲು ತೊಳೆದು ಗೊತ್ತಿಲ್ಲದ ಅಂಬಣ್ಣನಿಗೆ ಅದು ಹೊಳೆದಿರಲಿಲ್ಲ, ಖುಷಿಯಲ್ಲಿ ತೇಲುತ್ತಿದ್ದ ನನಗೂ ಹೊಳೆಯಲಿಲ್ಲ. ಒಂದು ಬೆಳಗ್ಗೆ ಮೀಯಲು ಹೋದಾಗ ಅತ್ತೆ ದ್ಯಾವಮ್ಮ ಕುಕ್ಕರುಗಾಲಲ್ಲಿ ಕೂತು, ಸೊಸೆಗೆಂದು ಹೊಸದಾಗಿ ಹಾಸಿದ್ದ ನನ್ನ ಕಲ್ಲಿನ ಮೇಲೆ ಒದ್ದೆ ಮೊಳೆಗಳನ್ನು ಜೋಡಿಸುತ್ತಿದ್ದಳು.

"ನಾಕು ಜನ ಬಂದು ಹೋಗೋ ಮನೆ. ಕಲೆ ಇಲ್ದಿದ್ರೆ ಕೇಳಾಕಿಲ್ವಾ?" ಎಂದಳು ತಲೆ ಎತ್ತದೆ. "ನನ್ನ ಗಂಡ ಸತ್ತಾಗ ನಂದು ತಾನಾಗೇ ಸಡಿಲ ಆಯ್ತು. ಅತ್ತಿದ್ದು ಮುಗಿಯೋಕೆ ಮುಂಚೆ ಹೊಳೆಗೆ ಓಡ್ದೆ ಕಣವ್ವ. ಏನೂ ಆಗ್ಲಿಲ್ಲ. ಮೈಗೆ ಮರ್ತೇ ಹೋಗಿತ್ತು. ನೀನಾದ್ರೂ ಹೋಗಿ ಬಾ."

ಅಂದಿನಿಂದ ಮೊಳೆ ಇಡುವುದು ಅವಳ ಕೆಲಸವಾಯಿತು.

ಆಮೇಲೊಂದು ದಿನ ಮಡುವಿನಲ್ಲಿ ದೊಡ್ಡ ಬಾಳೆಮೀನೊಂದರ ಹಿಂದೆ ಅಂಬಣ್ಣ ಹೋಗುತ್ತಿದ್ದ. ಹುರುಪಿನಲ್ಲಿ ನಾನು ಅವನನ್ನು ದಾಟಿ ಹೋಗಿ ಹಿಡಿದುಬಿಟ್ಟೆ. ಅಂದು ಬೇಗನೆದ್ದು ಆಚೆ ದಂಡೆಗೆ ಬಂದಿದ್ದ ಗಂಡಸರು ನೋಡಿದರು. ಅವರಿಗೆ ಕಂಡದ್ದು ಒಂದು ನೀರುನಾಯಿ, ಅಷ್ಟೆ.

"ಯಾವನ್ಲಾ ಅವ್ನು, ನಿನ್ನ ಬಾಯಿಂದ್ಲೇ ಕಿತ್ಕೊಂಡು ಹೋದ!" ಎಂದು ಸಂಜೆ ಕಟ್ಟೆಯ ಮೇಲೆ ಅವನ ಬೆನ್ನು ತಟ್ಟಿದರು. "ಭಲೇ ಗಂಡು ಕಣ್ಲಾ ಅವ್ನು!"

ಮನೆಗೆ ಬಂದು ಅಂಬಣ್ಣ ಇದನ್ನು ನಗುತ್ತಲೇ ಹೇಳಿದ. ಊಟ ಮಾತ್ರ ಅರ್ಧಕ್ಕೇ ಬಿಟ್ಟು ಎದ್ದ.

ಆ ವಾರ ನನಗೆ ಜ್ವರ ಬಂತು. ಅವನು ಪಕ್ಕದಲ್ಲೇ ಕೂತು ಗಂಜಿ ಕುಡಿಸಿದ, ಮಧ್ಯಾಹ್ನವೆಲ್ಲ ಕಾಲು ಒತ್ತಿದ. ಇಂಥ ಗಂಡ ಯಾರಿಗುಂಟು ಎಂದುಕೊಳ್ಳುತ್ತ ನಿದ್ದೆ ಹೋದೆ.

ಜ್ವರ ಬಿಟ್ಟ ಬೆಳಗ್ಗೆ ಬಂಡೆಯಿಂದ ಮಡುವಿಗೆ ಧುಮುಕಿದೆ. ಮೈ ಬದಲಾಗಲಿಲ್ಲ. ಸೀರೆ ಕಾಲಿಗೆ ಸುತ್ತಿಕೊಂಡಿತು, ಮೂಗಿಗೂ ಬಾಯಿಗೂ ನೀರು ನುಗ್ಗಿತು. ನನ್ನದೇ ಹೊಳೆಯಲ್ಲಿ ನಾನು ಮುಳುಗುತ್ತಿದ್ದೆ. ಕೂದಲು ಹಿಡಿದು ಎಳೆದು ತಂದವನು ಅಂಬಣ್ಣನೇ. ಕೆಮ್ಮುತ್ತಲೇ ಕಾಲು ನೋಡಿಕೊಂಡೆ. ಮಸಿಯಂಥ ಅದೇ ಕಪ್ಪು. ಉಗುರಿನಿಂದ ಕೆರೆದರೆ ಕೆಳಗೂ ಕಪ್ಪೇ ಇತ್ತು.

"ಮಡುವಿಗೆ ಎಸೆದೆ ಅಂದಿದ್ಯಲ್ಲ?"

ಅವನು ಹೊಳೆಯ ಕಡೆ ನೋಡಿದ. "ಇರ್ಲಿ ಅಂತ ಇಟ್ಕೊಂಡಿದ್ದೆ. ನಿನ್ನ ಮೇಲೆ ಪ್ರೀತಿ ಇಲ್ದೆ ಅಲ್ಲ ಕಣೇ. ಒಂದು ಮಗು ಆಗ್ಲಿ, ತೆಗೀತೀನಿ."

"ಅವತ್ತು ಮೀನಿನ ಹಿಂದೆ ನಾನು ಸೋತಿದ್ರೆ?"

ಅವನು ನನ್ನ ಒದ್ದೆ ಸೆರಗು ಹಿಂಡಿ ಹೆಗಲಿಗೆ ಹೊದಿಸಿದ. ಮದುವೆಯ ದಿನವೂ ಆ ಕಬ್ಬಿಣ ಅವನ ಹತ್ತಿರವೇ ಇತ್ತು. ಕಬ್ಬಿಣಕ್ಕಿಂತ ನನಗೆ ಭಾರವಾದದ್ದು ಅದೇ.

ಮಗುವಾಯಿತು, ಇನ್ನೊಂದೂ ಆಯಿತು. ಅವನು ಬೆಳಗ್ಗೆ ಹೊಳೆಗೆ ಹೋಗಿ ಬರುತ್ತಲೇ ಇದ್ದ, ನನ್ನನ್ನು ಒಂದು ದಿನವೂ ಬೈಯಲಿಲ್ಲ. ಊರವರು ನನ್ನನ್ನು ಪುಣ್ಯವಂತೆ ಎಂದರು.

ಆದರೆ ನನಗೆ ಕಣ್ಣಿಗೆ ಕಟ್ಟಿದಂತಿರುವುದು ಮುಳುಗಿ ಬದುಕಿ ಹೊಳೆಯಿಂದ ಮನೆಗೆ ಬಂದ ಆ ಬೆಳಗು. ಅತ್ತೆ ನನ್ನ ತಲೆಯ ಮೇಲೆ ಬಿಸಿನೀರು ಹುಯ್ಯುತ್ತಿದ್ದಳು. ನನ್ನ ಬೆರಳುಗಳ ಸಂದಿಯಿಂದ ಕೆಂಚಗಿನ ನೀರು ಕಲ್ಲಿನ ಮೇಲೆ ಹರಿಯಿತು. ಅವಳ ಕೈಯ ಚೊಂಬು ಅಲ್ಲೇ ನಿಂತಿತು. ಆಮೇಲೆ ಬಗ್ಗಿ, ಕಲ್ಲಿನ ಮೇಲಿದ್ದ ಮೊಳೆಗಳನ್ನು ಒಂದೊಂದಾಗಿ ಆಯ್ದು ಸೆರಗಿಗೆ ಹಾಕಿಕೊಂಡಳು.